ದರಿಯಾ ದೌಲತ್‌ನ ಪಡುವಣ ಗೋಡೆ

ಶ್ರೀರಂಗಪಟ್ಟಣದ ಕೋಟೆಯೊಳಗಿದ್ದ ಟಿಪ್ಪುವಿನ ಲಾಲ್ ಮಹಲ್ ಇವತ್ತು ಬರೀ ತಳಪಾಯ. ಇಲ್ಲಿಯ ಅರಮನೆಯ ತೇಗದ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡು ಹೊತ್ತು ನಿಂತಿವೆ. ಕೋಟೆಯಾಚೆ, 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಮನೆ ದರಿಯಾ ದೌಲತ್ ಮಾತ್ರ ಉಳಿಯಿತು.

ಡ್ರಾಯಿಂಗ್ ಮೇಷ್ಟರಾಗಿದ್ದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ನೇರವಾಗಿ ಪಡುವಣ ಗೋಡೆಯ ಮುಂದೆ ನಿಲ್ಲಿಸುತ್ತಿದ್ದೆ. 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಯ್ಲಿಯ ಪಡೆಯನ್ನು ಬಗ್ಗುಬಡಿದ ಕಾಳಗದ ಚಿತ್ರ ಅಲ್ಲಿದೆ. ಕೆಂಪಂಗಿಯ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ ಬೆರಳು ಬಾಯಿಗಿಟ್ಟು ಕೂತಿದ್ದಾನೆ. ಮುಂದೆ ಅವನು ಇದೇ ಪಟ್ಟಣದ ಸೆರೆಯಲ್ಲಿ 1782ರಲ್ಲಿ ಸತ್ತ.

ಈ ಚಿತ್ರದ ಪಾಡು ಮನೆಯ ಪಾಡಿಗಿಂತ ದೊಡ್ಡದು. ಬ್ರಿಟಿಷರ ಕೊನೆಯ ಮುತ್ತಿಗೆಗೆ ಮುಂಚೆಯೇ ಅದನ್ನು ಕೆಡಿಸಲಾಗಿತ್ತು. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಪಟ್ಟಣದ ಅಧಿಕಾರ ಹಿಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಈ ಮನೆಯಲ್ಲೇ ವಾಸವಾದ. ತನ್ನದೇ ಜನ ಸೋತ ಚಿತ್ರವನ್ನು ಮತ್ತೆ ಬರೆಸಿದ. ಅವನು ಹೋದ ಮೇಲೆ ಯಾರೋ ಸುಣ್ಣ ಬಳಿದರು. ಚಿತ್ರ ಹೆಚ್ಚುಕಡಿಮೆ ಅಳಿಸಿಯೇ ಹೋಯಿತು. ಕೊನೆಗೆ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ, ಹಳೆಯ ಚಿತ್ರ ನೆನಪಿದ್ದ ಇಲ್ಲಿನ ಒಬ್ಬ ಚಿತ್ರಗಾರನಿಂದ ಅದನ್ನು ಪುನಃ ಬರೆಸಲು ಅಪ್ಪಣೆ ಕೊಟ್ಟ.

ಆ ಚಿತ್ರಗಾರನ ಬಗ್ಗೆ ನನಗೆ ಬಹಳ ಅಕ್ಕರೆ. ಸುಣ್ಣದಡಿ ಹೋದ ನೂರಾರು ಕುದುರೆ, ಪೇಟ, ಮೀಸೆಗಳನ್ನು ತಲೆಯಲ್ಲಿ ಹೊತ್ತುಕೊಂಡಿದ್ದವನು ಅವನು. ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಬೇಯ್ಲಿ, ವೆಲ್ಲೆಸ್ಲಿ, ಡಾಲ್‌ಹೌಸಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತದೆ; ಅವನನ್ನು ಮಾತ್ರ ಬರೀ ಚಿತ್ರಗಾರ ಎನ್ನುತ್ತದೆ. ಇದು ಅನ್ಯಾಯ ಎಂದು ಮಕ್ಕಳಿಗೆ ಪ್ರತಿಸಲವೂ ಹೇಳಿದ್ದೇನೆ.

ಮನೆಯ ಒಡೆತನದ ಉಳಿದ ಕಥೆ ಸಣ್ಣದು. 1799ರಿಂದ ಶ್ರೀರಂಗಪಟ್ಟಣ ದ್ವೀಪವೇ ಕಂಪನಿಯದಾಗಿತ್ತು. ಮೈಸೂರು ಅರಸರು ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಕಟ್ಟುತ್ತಿದ್ದರು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದಾಗ ಬೆಂಗಳೂರಿನ ದಂಡಿನ ಪ್ರದೇಶವನ್ನು ಬ್ರಿಟಿಷರಿಗೆ ಬಿಟ್ಟು, ಬದಲಿಗೆ ಈ ದ್ವೀಪವನ್ನು ಪಡೆದರು. ಮನೆಯನ್ನು ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುತ್ತಿದೆ.

ಇಲ್ಲಿಂದ ಟಿಪ್ಪುವಿನ ಸಮಾಧಿಯಿರುವ ಗುಂಬಜಿಗೆ ಹೋದರೆ ಅದರ ಬಳಿ ಬೇಯ್ಲಿಯ ಸ್ಮಾರಕವಿದೆ. ಲಖನೌದಲ್ಲಿ ರೆಸಿಡೆಂಟ್ ಆಗಿದ್ದ ಅವನ ಬಂಧುವೊಬ್ಬ 1816ರಲ್ಲಿ ಕಟ್ಟಿಸಿದ್ದು.