ಮಧುರಕಂಠ
ಗುಬ್ಬಿಗಿಂತ ತುಸು ಚಿಕ್ಕದಾದ, ಸುಮಾರು 14 ಸೆಂ.ಮೀ. ಉದ್ದದ ಹಳದಿ ಹಕ್ಕಿ (ಈಜಿಥೈನ ಟಿಫಿಯ). ರೆಕ್ಕೆಯಲ್ಲಿ ಎರಡು ಬಿಳಿ ಪಟ್ಟೆ. ಎಲೆಗಳ ನಡುವೆ, ಕೆಲವೊಮ್ಮೆ ತಲೆಕೆಳಗಾಗಿ ಜೋತು, ಕಂಬಳಿಹುಳು, ಜೇಡಗಳನ್ನು ಹೆಕ್ಕಿ ತಿನ್ನುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಕುರುಚಲು ಮತ್ತು ಎಲೆಯುದುರು ಕಾಡು ಇದಕ್ಕೆ ಹೇಳಿಮಾಡಿಸಿದ ನೆಲೆ. ಹೊಲದ ಬದುವಿನ ಬೇವು, ಜಾಲಿ, ಹುಣಸೆಯಾದರೂ ಸಾಕು. ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಹಕ್ಕಿಯಿದು. ಸಿಳ್ಳೆಗಳು ಹಲವು ಬಗೆ. ಮುಂಗಾರಿನಲ್ಲಿ ಗಂಡು ನೆಟ್ಟಗೆ ಮೇಲೆ ಚಿಮ್ಮಿ, ಗರಿ ಉಬ್ಬಿಸಿಕೊಂಡು ಉಣ್ಣೆಯುಂಡೆಯಂತೆ ಸುತ್ತುತ್ತ ಇಳಿಯುತ್ತದೆ. ಇದರ ಜಾಣತನವೆಲ್ಲ ಗೂಡಿನಲ್ಲಿದೆ. ಕವಲಿನಲ್ಲಿ ಹುಲ್ಲು ಹೆಣೆದು, ಹೊರಗೆ ಜೇಡರಬಲೆ ಮೆತ್ತಿದ ಪುಟ್ಟ ಬಟ್ಟಲು ಅದು. 2ರಿಂದ 4 ಮೊಟ್ಟೆ. ಕಾವು ಕೂರುವುದು ಗಂಡು, ಹೆಣ್ಣು ಎರಡೂ.