ಒಂದು ಸೋಮವಾರದ ಚರಿತ್ರೆ ಬರೆದವರು

1916ರ ಏಪ್ರಿಲ್ 24, ಈಸ್ಟರ್ ಸೋಮವಾರ. ನಡುಮಧ್ಯಾಹ್ನದ ಹೊತ್ತಿಗೆ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಬಂಡಾಯಗಾರರು ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯನ್ನು ಹಿಡಿದರು. ಅದರ ಎದುರು ನಿಂತು ಅವರ ನಾಯಕ ಪ್ಯಾಟ್ರಿಕ್ ಪಿಯರ್ಸ್ ಐರಿಷ್ ಗಣರಾಜ್ಯದ ಘೋಷಣೆಯನ್ನು ಓದಿದರು. ಶನಿವಾರದ ಹೊತ್ತಿಗೆ ಶರಣಾಗತಿಯೂ ಆಯಿತು. ಈ ದಂಗೆಯನ್ನು ಐರ್ಲೆಂಡ್ ಸರ್ಕಾರ ಸ್ಮರಿಸುವುದು ತಾರೀಖು ನೋಡಿ ಅಲ್ಲ, ಹಬ್ಬ ನೋಡಿ. ನಮ್ಮ ಯುಗಾದಿಯಂತೆ ಈಸ್ಟರ್ ಕೂಡ ಚಂದ್ರನ ಲೆಕ್ಕಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತದೆ. ಹಾಗಾಗಿ ಶತಮಾನೋತ್ಸವದ ಮೆರವಣಿಗೆ 2016ರ ಮಾರ್ಚ್ 27ಕ್ಕೇ ನಡೆದುಹೋಯಿತು.

ದಂಗೆಯ ಬಗ್ಗೆ ಮೊದಲು ಬರೆದವರು ಕಣ್ಣಾರೆ ಕಂಡವರು. ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿ ನೌಕರಿಯಲ್ಲಿದ್ದ ಸಾಹಿತಿ ಜೇಮ್ಸ್ ಸ್ಟೀಫನ್ಸ್ ಬೀದಿಯಲ್ಲಿ ಕಂಡದ್ದನ್ನು, ಕೇಳಿದ ಗಾಳಿಮಾತುಗಳನ್ನು ದಿನಚರಿಯಾಗಿ ಬರೆದು ಅದೇ ವರ್ಷ ಪ್ರಕಟಿಸಿದರು. ಪತ್ರಿಕೆಗಳು ಇದನ್ನು ‘ಶಿನ್ ಫೇನ್ ದಂಗೆ’ ಎಂದವು. ದಂಗೆ ಹೂಡಿದ್ದು ಆ ಪಕ್ಷವಲ್ಲ, ಆದರೂ ಹೆಸರು ಅಂಟಿಕೊಂಡಿತು. ಮೇ ತಿಂಗಳಲ್ಲಿ ಬ್ರಿಟಿಷರು 15 ಮಂದಿಯನ್ನು ಗುಂಡಿಕ್ಕಿ ಕೊಂದರು. ಗಾಯಗೊಂಡಿದ್ದ ನಾಯಕ ಜೇಮ್ಸ್ ಕಾನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಕೊಂದದ್ದು ಜನರ ಮನಸ್ಸನ್ನೇ ತಿರುಗಿಸಿತು. 1918ರ ಚುನಾವಣೆಯಲ್ಲಿ ಶಿನ್ ಫೇನ್ 105ರಲ್ಲಿ 73 ಸ್ಥಾನ ಗೆದ್ದಿತು. ಅಲ್ಲಿಂದ ಮುಂದಿನ ದಶಕಗಳ ಬರವಣಿಗೆಯಲ್ಲಿ ಹೆಚ್ಚಿನದು ಹುತಾತ್ಮರ ಚರಿತ್ರೆಯೇ. 1938ರಲ್ಲಿ ಇತಿಹಾಸಕಾರರಾದ ಮೂಡಿ ಮತ್ತು ಡಡ್ಲಿ ಎಡ್ವರ್ಡ್ಸ್ ಶುರುಮಾಡಿದ ‘ಐರಿಷ್ ಹಿಸ್ಟಾರಿಕಲ್ ಸ್ಟಡೀಸ್’ ಪತ್ರಿಕೆ ದಾಖಲೆಯ ಶಿಸ್ತನ್ನು ತಂದಿತು ನಿಜ, ಆದರೆ ಹತ್ತಿರದ ರಾಜಕೀಯವನ್ನು ದೂರವೇ ಇಟ್ಟಿತು.

ನನ್ನ ಮಟ್ಟಿಗೆ ನಿಜವಾದ ತಿರುವು 1947ರಲ್ಲಿ ಬಂತು. ಸರ್ಕಾರ ಆಗ ಸೈನಿಕ ಇತಿಹಾಸ ಕಚೇರಿಯೊಂದನ್ನು ತೆರೆದು ಬದುಕಿದ್ದವರ ಸಾಕ್ಷ್ಯ ಬರೆಸಿಕೊಳ್ಳತೊಡಗಿತು. ಹತ್ತು ವರ್ಷದಲ್ಲಿ 1,773 ಹೇಳಿಕೆಗಳು ಸೇರಿದವು. ಅವುಗಳಲ್ಲಿ ನಾಯಕರಷ್ಟೇ ಅಲ್ಲ, ಘೋಷಣೆಯನ್ನು ಅಚ್ಚು ಮಾಡಿದ ಕೆಲಸಗಾರರೂ ಇದ್ದಾರೆ. ದಂಗೆಯ ಹಿಂದಿನ ದಿನ, ಭಾನುವಾರ, ಡಬ್ಲಿನ್ನಿನ ಲಿಬರ್ಟಿ ಹಾಲ್‌ನಲ್ಲಿ ಹಳೆಯ ಯಂತ್ರವೊಂದರ ಮುಂದೆ ಅವರು ನಿಂತಾಗ ಪೂರ್ತಿ ಪುಟಕ್ಕೆ ಸಾಲುವಷ್ಟು ಅಚ್ಚಿನ ಮೊಳೆಗಳೇ ಇರಲಿಲ್ಲ. ಮೇಲರ್ಧವನ್ನು ಜೋಡಿಸಿ ಅಚ್ಚು ಹಾಕಿ, ಮೊಳೆ ಬಿಚ್ಚಿ, ಮತ್ತೆ ಕೆಳಗಿನ ಅರ್ಧವನ್ನು ಜೋಡಿಸಿದರು. ‘ಇ’ ಅಕ್ಷರ ಸಾಲದೆ ಬೇರೆ ಜಾತಿಯ ಮೊಳೆಗಳನ್ನು ಬೆರೆಸಿದರು. ಒಂದು ಕಡೆ ‘ಎಫ್’ ಮೊಳೆಗೆ ಅರಗು ಮೆತ್ತಿ ‘ಇ’ ಮಾಡಿಕೊಂಡರು. ಇಂದು ಅಸಲಿ ಪ್ರತಿಯನ್ನು ನಕಲಿಯಿಂದ ಬೇರ್ಪಡಿಸುವವರು ಮೊದಲು ಹುಡುಕುವುದೇ ಇಂಥ ಓರೆಕೋರೆಗಳನ್ನು.

ಆದರೆ ಈ ಹೇಳಿಕೆಗಳಿಗೆ ಸರ್ಕಾರ ಬೀಗ ಜಡಿಯಿತು. ಬೀಗ ತೆಗೆದದ್ದು 2003ರಲ್ಲಿ. ನಡುವಿನ ನಲವತ್ತಕ್ಕೂ ಹೆಚ್ಚು ವರ್ಷ ವಿದ್ವಾಂಸರು ಅವುಗಳಿಲ್ಲದೆಯೇ ವಾದ ಮಾಡಬೇಕಾಯಿತು. 1961ರಲ್ಲಿ ಪಾದ್ರಿ ಹಾಗೂ ಇತಿಹಾಸಕಾರ ಎಫ್. ಎಕ್ಸ್. ಮಾರ್ಟಿನ್, ಐರಿಷ್ ಸ್ವಯಂಸೇವಕ ಪಡೆಯ ಮುಖ್ಯಸ್ಥ ಓಯಿನ್ ಮ್ಯಾಕ್‌ನೀಲ್ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಪ್ರಕಟಿಸಿದರು. ಮುಖ್ಯಸ್ಥರ ಕಣ್ಣು ತಪ್ಪಿಸಿ ಒಂದು ಗುಂಪು ಹೇಗೆ ದಂಗೆಯ ಹಂಚಿಕೆ ಹೂಡಿತ್ತು, ದಂಗೆಗೆ ನೆಪವಾಗಿದ್ದ ಭಾನುವಾರದ ಕವಾಯತನ್ನು ಮುಖ್ಯಸ್ಥರು ಪತ್ರಿಕೆಯ ಮೂಲಕವೇ ಯಾಕೆ ರದ್ದು ಮಾಡಿದರು ಎಂಬುದಕ್ಕೆ ಅವರದೇ ಮಾತು ಸಿಕ್ಕಿತು. 1966ರ ಸುವರ್ಣ ಮಹೋತ್ಸವಕ್ಕಾಗಿ ಜೆಸ್ಯೂಟ್ ಪಾದ್ರಿ ಫ್ರಾನ್ಸಿಸ್ ಶಾ, ಪಿಯರ್ಸ್‌ರ ಬಲಿದಾನದ ತತ್ವವನ್ನೇ ಪ್ರಶ್ನಿಸುವ ಲೇಖನ ಬರೆದರು. ಸಂಭ್ರಮದ ವರ್ಷದಲ್ಲಿ ಅದನ್ನು ಅಚ್ಚು ಹಾಕಲು ಧೈರ್ಯ ಬರಲಿಲ್ಲ. ಲೇಖಕರು ತೀರಿಕೊಂಡ ಮೇಲೆ, 1972ರಲ್ಲಿ, ಬೆಳಕು ಕಂಡಿತು. ಅಷ್ಟರಲ್ಲಿ ಉತ್ತರ ಐರ್ಲೆಂಡ್ ಹಿಂಸೆಯಲ್ಲಿ ಹೊತ್ತಿಕೊಂಡಿತ್ತು. 1916ನ್ನು ಹೊಗಳಿದರೆ ಅಲ್ಲಿನ ಆಗಿನ ಬಂದೂಕುಗಳನ್ನು ಹೊಗಳಿದಂತಾದೀತೆಂಬ ಅಂಜಿಕೆ ವಿದ್ವಾಂಸರನ್ನೂ ಸರ್ಕಾರವನ್ನೂ ಹಿಡಿಯಿತು. 1991ರ 75ನೇ ವರ್ಷ ಸದ್ದಿಲ್ಲದೆ ಕಳೆಯಿತು. ಈ ಅವಧಿಯ ಮರುವಿಮರ್ಶೆ ಬೇಕಾಗಿಯೇ ಇತ್ತು. ಆದರೆ ಅದೂ ಪಿಯರ್ಸ್‌ರ ಸುತ್ತಲೇ ತಿರುಗಿತು, ಬೀದಿಗೆ ಇಳಿಯಲಿಲ್ಲ.

ಬೀದಿಗೆ ಇಳಿದದ್ದು ಕಡತಗಳು ತೆರೆದ ಮೇಲೆ. ಫರ್ಗಲ್ ಮೆಗ್ಯಾರಿ ಸಾಕ್ಷಿಗಳ ಹೇಳಿಕೆಗಳನ್ನೇ ಆಧರಿಸಿ 2010ರಲ್ಲಿ ಸಾಮಾನ್ಯರ ದಂಗೆಯ ಕಥೆ ಬರೆದರು. 2014ರಿಂದ ಬಿಡುಗಡೆಯಾಗತೊಡಗಿದ ಹೋರಾಟಗಾರರ ಪಿಂಚಣಿ ಕಡತಗಳಲ್ಲಿ ಮಾರ್ಗರೆಟ್ ಸ್ಕಿನ್ನಿಡರ್ ಸಿಗುತ್ತಾರೆ. ಹೋರಾಡಿ ಗುಂಡೇಟು ತಿಂದ ಆಕೆಗೆ 1925ರಲ್ಲಿ ಪಿಂಚಣಿ ಸಿಗಲಿಲ್ಲ; ಕಾನೂನಿನಲ್ಲಿರುವ ಸೈನಿಕ ಅಂದರೆ ಗಂಡಸು ಮಾತ್ರ ಎಂದು ಅಧಿಕಾರಿಗಳು ಷರಾ ಬರೆದರು. ಶರಣಾಗತಿಯ ಫೋಟೊದಲ್ಲಿ ಪಿಯರ್ಸ್ ಪಕ್ಕ ನಿಂತ ನರ್ಸ್ ಎಲಿಜಬೆತ್ ಓಫ್ಯಾರೆಲ್ ಅವರದು ಪಾದಗಳಷ್ಟೇ ಕಾಣುತ್ತವೆ. ಕೆಲವು ಮುದ್ರಣಗಳಲ್ಲಿ ಅವನ್ನೂ ಅಳಿಸಿಹಾಕಿದ್ದರು. ರೇಡಿಯೊ ನಿರೂಪಕ ಜೋ ಡಫಿ, ದಂಗೆಯಲ್ಲಿ ಸತ್ತ 40 ಮಕ್ಕಳ ಹೆಸರು ಹುಡುಕಿದರು. ಗ್ಲಾಸ್‌ನೆವಿನ್ ಸ್ಮಶಾನದವರ ಲೆಕ್ಕದಲ್ಲಿ ಸತ್ತವರು 485, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಾಮಾನ್ಯ ನಾಗರಿಕರು.

ಹಾಗೆ ಸತ್ತವರಲ್ಲಿ ಒಬ್ಬರು ಫ್ರಾನ್ಸಿಸ್ ಶೀಹಿ ಸ್ಕೆಫಿಂಗ್ಟನ್. ಅಂಗಡಿ ಲೂಟಿ ತಡೆಯಲು ಓಡಾಡುತ್ತಿದ್ದ ಈ ಅಹಿಂಸಾವಾದಿಯನ್ನು ಸೈನ್ಯ ಹಿಡಿದು ವಿಚಾರಣೆಯಿಲ್ಲದೆ ಕೊಂದಿತು. ಅವರ ಹೆಂಡತಿ ಹಾನಾ ಜೊತೆಗೂಡಿ 1908ರಲ್ಲಿ ಸ್ತ್ರೀ ಮತಾಧಿಕಾರ ಸಂಘ ಕಟ್ಟಿದವರು ಮಾರ್ಗರೆಟ್ ಕಸಿನ್ಸ್. ಆಕೆಯ ಪತಿ ಜೇಮ್ಸ್ ಕಸಿನ್ಸ್ ಮೈಸೂರಿನಲ್ಲಿ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರಿ ಎಂದದ್ದು ನಮಗೆಲ್ಲ ಗೊತ್ತು.

ಸೈನಿಕ ಇತಿಹಾಸ ಕಚೇರಿಯ ಸಾಕ್ಷ್ಯಗಳೂ ಪಿಂಚಣಿ ಕಡತಗಳೂ ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಓದಬಯಸುವವರು ನಾಯಕರನ್ನು ಸದ್ಯಕ್ಕೆ ಬದಿಗಿಟ್ಟು, ಅಚ್ಚುಕೂಟದ ಕ್ರಿಸ್ಟಫರ್ ಬ್ರೇಡಿ ಮತ್ತು ವೈದ್ಯೆ ಕ್ಯಾಥ್ಲೀನ್ ಲಿನ್ ಅವರ ಹೇಳಿಕೆಗಳಿಂದ ಶುರುಮಾಡಲಿ.