ಮೊದಲ ಪಾಠ ಮನೆಯಲ್ಲಿ

ಮಗುವಿನ ಅಕ್ಷರಾಭ್ಯಾಸಕ್ಕೆಂದು ಹೈದರಾಬಾದಿನಿಂದ ಬಾಸರದ ಸರಸ್ವತಿಯ ಸನ್ನಿಧಿಗೆ ಹೋಗಿಬರುವ ಕನ್ನಡ ಮನೆತನಗಳು ನಮ್ಮಲ್ಲಿ ಹಲವು. ಗೋದಾವರಿಯ ದಂಡೆಯ ಆ ಗುಡಿಯಲ್ಲಿ ಮಗು ಕೂರುವುದು ಹೆತ್ತವರ ತೊಡೆಯ ಮೇಲೆ. ಬಳಪ ಹಿಡಿದ ಪುಟ್ಟ ಕೈಯನ್ನು ದೊಡ್ಡ ಕೈಯೊಂದು ಹಿಡಿದು ನಡೆಸುತ್ತದೆ. ಮಗುವಿನ ಮೊದಲ ಗುರು ಯಾರೆಂಬುದನ್ನು ಈ ಆಚಾರವೇ ಹೇಳುತ್ತದೆ. ಈ ನಗರದಲ್ಲಿ ಕನ್ನಡ ಉಳಿದುಬಂದ ಕಥೆಯೂ ಬಹುಮಟ್ಟಿಗೆ ಇದೇ.

ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ನೌಕರಿ, ವ್ಯಾಪಾರ, ವಿದ್ಯೆಗಳಿಗಾಗಿ ನಮ್ಮ ಹಿರಿಯರು ರಾಜಧಾನಿಗೆ ಬಂದರು. ಕಚೇರಿಯ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಮಾಧ್ಯಮವೂ ಉರ್ದುವೇ. ಮುಂದೆ ಬರಬೇಕೆನ್ನುವ ಹುಡುಗರು ಅದನ್ನು ಕಲಿಯಲೇಬೇಕಿತ್ತು, ಚೆನ್ನಾಗಿಯೇ ಕಲಿತರು. ಆದರೆ ಶಾಲೆಯ ಮೆಟ್ಟಿಲು ಹತ್ತುವ ಮುಂಚಿನ ಐದಾರು ವರ್ಷಗಳು ಮನೆಯವರ ಕೈಯಲ್ಲಿದ್ದವು. ಜೋಗುಳ, ಒಗಟು, ಅಜ್ಜಿಯ ಕಥೆ, ಹುಣಸೆ ಬೀಜದ ಎಣಿಕೆ, ದೀಪ ಹಚ್ಚಿದ ಮೇಲೆ ಬಾಯಿಪಾಠ: ಇದನ್ನು ಯಾರೂ ಪೂರ್ವಪ್ರಾಥಮಿಕ ಶಿಕ್ಷಣವೆಂದು ಕರೆಯಲಿಲ್ಲ. ಕೆಲಸವನ್ನು ಮಾತ್ರ ತಪ್ಪದೆ ಮಾಡಿದರು.

ಇದೇ ಸಂಸ್ಥಾನದ ರಾಯಚೂರಿನಲ್ಲಿ ೧೯೩೪ರಲ್ಲಿ ಸಾಹಿತ್ಯ ಸಮ್ಮೇಳನ ನೆರೆದಾಗ ಅಧ್ಯಕ್ಷರಾಗಿದ್ದವರು ಪಂಜೆ ಮಂಗೇಶರಾಯರು. ದಕ್ಷಿಣ ಕನ್ನಡದ ಈ ಉಪಾಧ್ಯಾಯರು ೧೯೨೧ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರು. ಅವರು ೧೯೩೭ರಲ್ಲಿ ಕಣ್ಣು ಮುಚ್ಚಿದ್ದು ನಮ್ಮ ಹೈದರಾಬಾದಿನಲ್ಲಿಯೇ. ಓದು ಬಾರದ ಮಕ್ಕಳ ಬಾಯಲ್ಲೂ ಅವರ 'ನಾಗರಹಾವು' ನಲಿದಾಡಿತೆಂದರೆ, ಅದನ್ನು ಹಾಡಿ ತೋರಿಸಿದ ತಾಯಂದಿರ ಪಾಲೂ ಅದರಲ್ಲಿದೆ.

ಆ ದಿನಗಳಲ್ಲಿ ದೇಶದ ಬೇರೆಡೆಯೂ ಎಳೆಯರ ಕಲಿಕೆಯ ಚಿಂತನೆ ನಡೆದಿತ್ತು. ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ಮಕ್ಕಳಿಗಾಗಿ ಬರೆದಂತೆ ತಂದೆತಾಯಿಗಳಿಗಾಗಿಯೂ ಬರೆದರು. ೧೯೩೯ರಲ್ಲಿ ಮರಿಯಾ ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಮಗು ತನ್ನ ಕೈಯಾರೆ ಮಾಡಿ ಕಲಿಯಲಿ, ಹಿರಿಯರು ಗದರದೆ ಗಮನಿಸಲಿ ಎಂಬುದು ಇಬ್ಬರಿಗೂ ಒಪ್ಪಿದ ಮಾತು. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು, ಕರ್ನಾಟಕದ ಟಿ. ನರಸೀಪುರ ಅವುಗಳಲ್ಲೊಂದು. ಅಂಗನವಾಡಿಯ ಕೆಲಸಗಳಲ್ಲಿ ಮಕ್ಕಳ ಆಟಪಾಠದೊಡನೆ ತಾಯಂದಿರಿಗೆ ಆರೋಗ್ಯ, ಪೌಷ್ಟಿಕ ಆಹಾರಗಳ ತಿಳಿವಳಿಕೆಯೂ ಸೇರಿತು. ಮನೆಯನ್ನು ಬಿಟ್ಟು ಮಗುವನ್ನು ಬೆಳೆಸಲಾಗದೆಂದು ಸರ್ಕಾರವೂ ಒಪ್ಪಿದಂತಾಯಿತು.

೧೯೫೬ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ನಾವು ಇಲ್ಲಿಯೇ ಉಳಿದೆವು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ನಮಗೆ ಆಸರೆಯಾದವು. ಆದರೆ ಹಿರಿಯರು ಉರ್ದುವಿನ ನಡುವೆ ಕಾಪಾಡಿದ್ದನ್ನು ನಾವು ಇಂಗ್ಲಿಷಿನ ಎದುರು ಸುಲಭವಾಗಿ ಬಿಟ್ಟುಕೊಟ್ಟೆವೇನೋ. ನಮ್ಮ ಮಗುವನ್ನು ಮೂರನೆಯ ವರ್ಷಕ್ಕೆ ನರ್ಸರಿಗೆ ಸೇರಿಸಿದಾಗ ಅಲ್ಲಿಯವರು, "ಮನೆಯಲ್ಲಿ ಇಂಗ್ಲಿಷನ್ನೇ ಆಡಿ" ಎಂದರು. ನಾವು ಮರುಮಾತಿಲ್ಲದೆ ಪಾಲಿಸಿದೆವು. ವರ್ಷದೊಳಗೆ ಮಗು ಪದ್ಯಗಳನ್ನು ಪಟಪಟನೆ ಒಪ್ಪಿಸತೊಡಗಿತು. ಒಮ್ಮೆ ರಾಯಚೂರಿನಿಂದ ಬಂದ ಅಜ್ಜಿಗೆ ಹೊಟ್ಟೆನೋವೆಂದು ಹೇಳಲು ಅದಕ್ಕೆ ಮಾತು ಸಿಗಲಿಲ್ಲ, ಅಳುತ್ತ ನಿಂತಿತು. ತಪ್ಪು ಶಾಲೆಯದಷ್ಟೇ ಅಲ್ಲ, ನಮ್ಮದೂ ಹೌದು.

ಎಳೆಯ ಮಗು ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಕಲಿಯಬಲ್ಲದು. ಒಂದಕ್ಕಾಗಿ ಇನ್ನೊಂದನ್ನು ಕಸಿಯಬೇಕಾಗಿಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೊದಲ ವರ್ಷಗಳಲ್ಲಿ ಮನೆಮಾತಿಗೆ ಆದ್ಯತೆ ಕೊಟ್ಟಿದೆ. ಆದರೆ ನೀತಿಯೊಂದು ಬಂದು ಜೋಗುಳ ಹಾಡದು. ಈಗ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕನ್ನಡದ ಕಥೆಗೆ ಮೀಸಲು. ಸಂಘದ ಬಂಧುಗಳೂ ತಮ್ಮ ತಮ್ಮ ಮನೆಗಳಲ್ಲಿ ಇಷ್ಟನ್ನು ಮಾಡಲೆಂದು ನಮ್ಮ ವಿನಂತಿ.